ಕ್ಷೇಮಪಟ್ಟಿಯಲ್ಲಿ ಅಶ್ವತ್ಥಪ್ಪ

"ಈ ಹೆಸರು ಸ್ವಲ್ಪ ಓದಿ ಮೇಷ್ಟ್ರೇ" ಎಂದು ರಿಜಿಸ್ಟರನ್ನು ಮುತ್ತರಾಯಪ್ಪನವರ ಕಡೆ ತಿರುಗಿಸಿದೆ.

ಅವರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. "ಚಿನ್ನಸ್ವಾಮಿ, ಬಿ.ಎ., ಎಲ್.ಟಿ. ಮೂವತ್ತನೇ ಇಸವಿ ತಂಡ. ಹೊಸೂರಿನೋನು."

"ಹೆಸರಿನ ಎದುರಿಗೆ ಈ ವರ್ಷ ಏನು ಬರೆದೀರಿ?"

"ಕ್ಷೇಮ."

"ಹೋದ ವರ್ಷ?"

"ಕ್ಷೇಮ."

"ಅದರ ಹಿಂದಿನ ವರ್ಷ?"

"ಯಾಕೆ ಸ್ವಾಮಿ ಒಬ್ಬನದೇ ಕೇಳ್ತೀರಿ? ನೀವೇ ನೋಡಿ, ಕ್ಷೇಮ ಅಂತಲೇ ಇದೆಯಲ್ಲ."

ಇತ್ತು. ನೀಲಿ ಶಾಯಿಯಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ನಲವತ್ತಮೂರರಿಂದ ನಲವತ್ತಾರರವರೆಗೆ ನಾಲ್ಕು ಸಲ ಇತ್ತು. ಚಿನ್ನಸ್ವಾಮಿಯ ಹೆಣವನ್ನು ನಲವತ್ತಮೂರನೇ ಇಸವಿಯ ಫೆಬ್ರವರಿಯಲ್ಲಿ ಹೊಸೂರಿನ ಛತ್ರದ ಜಗಲಿಯಿಂದ ಎತ್ತಿಸಿ, ಮಹಜರು ಬರೆದು, ಸುಡಿಸಿದವನು ನಾನೇ.

ಹಾಗಾದರೆ ಈ ರಿಜಿಸ್ಟರು ಸುಳ್ಳು ಹೇಳುತ್ತಿತ್ತು. ಇದೇ ರಿಜಿಸ್ಟರನ್ನು ನಂಬಿಕೊಂಡು ಸೋಮವಾರ ಸೇಲಂ ಸೆಷನ್ಸ್ ಕೋರ್ಟಿನಲ್ಲಿ ಒಬ್ಬನ ಪ್ರಾಣ ಉಳಿಸಲು ನಾವು ಹೊರಟಿದ್ದೆವು. ಅಂದು ಶುಕ್ರವಾರ, ಹೊತ್ತು ಮಧ್ಯಾಹ್ನ ಮೂರು ಗಂಟೆ.

ಬಾಗಿಲ ಹೊಸ್ತಿಲ ಪಕ್ಕ, ಗೋಡೆಗೆ ಒರಗಿ, ಆದಿಲಕ್ಷ್ಮಮ್ಮ ಕೂತಿದ್ದಳು. ಪ್ರಾಣ ಹೋಗಲಿದ್ದುದು ಅವಳ ಗಂಡನದು.

ಓದುಗರಿಗೆ ನೆನಪಿರಬಹುದು: ಉದ್ದನಪಲ್ಲಿಯ ನರಸಿಂಹಪ್ಪ ಮೇಷ್ಟ್ರು ತನ್ನ ಜೊತೆಗಾರ ಅಶ್ವತ್ಥಪ್ಪ ಮೇಷ್ಟ್ರನ್ನು ಜೂನ್ ಒಂಬತ್ತರಂದು ಜವಳಗಿರಿ ಕಾಡಿನಲ್ಲಿ ಕೊಂದ ಎಂಬುದು ಆರೋಪ. ಆ ದಿನ ಇಬ್ಬರೂ ಒಟ್ಟಿಗೆ ಕಾಡಿನ ದಾರಿ ಹಿಡಿದದ್ದನ್ನು ಜನ ನೋಡಿದ್ದರು. ವಾಪಸು ಬಂದವನು ನರಸಿಂಹಪ್ಪ ಒಬ್ಬನೇ. ಸೆಪ್ಟೆಂಬರಿನಲ್ಲಿ ಸೌದೆ ಆರಿಸುವ ಹೆಂಗಸರಿಗೆ ಸಿಕ್ಕಿದ್ದು ಮೂಳೆ, ಒಂದು ಕನ್ನಡಕ, ಅಶ್ವತ್ಥಪ್ಪನ ಹೆಸರು ಕೆತ್ತಿದ ಜೇಬುಗಡಿಯಾರ. ಆನೆ, ನರಿ ಎಲ್ಲ ಓಡಾಡುವ ಜಾಗ. ಮೂಳೆ ನೋಡಿ ಸತ್ತ ತಿಂಗಳು ಹೇಳಲಾರೆ ಎಂದು ಡಾಕ್ಟರು ಕೈ ಚೆಲ್ಲಿದ್ದರು.

ನಮ್ಮ ಆಸೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಜೂನ್ ಇಪ್ಪತ್ತಕ್ಕೆ ಗಾಡಿ ಮಗುಚಿ ನರಸಿಂಹಪ್ಪನ ತೊಡೆಯ ಮೂಳೆ ಮುರಿದಿತ್ತು. ಅಲ್ಲಿಂದ ಆಗಸ್ಟ್ ಕೊನೆಯವರೆಗೆ ಅವನು ಬೆಂಗಳೂರಿನ ಆಸ್ಪತ್ರೆಯಲ್ಲಿ, ಕಾಲಿಗೆ ಮರಳಿನ ಚೀಲ ನೇತುಹಾಕಿಸಿಕೊಂಡು ಮಲಗಿದ್ದ. ಆಮೇಲೂ ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾರದವನು. ಜೂನ್ ಇಪ್ಪತ್ತರ ನಂತರ ಅಶ್ವತ್ಥಪ್ಪ ಬದುಕಿದ್ದ ಎಂದು ತೋರಿಸಿಬಿಟ್ಟರೆ ಕೊಂದವನು ನರಸಿಂಹಪ್ಪನಲ್ಲ.

ಈ ರಿಜಿಸ್ಟರಿನ ಕ್ಷೇಮಪಟ್ಟಿಯಲ್ಲಿ ಅಶ್ವತ್ಥಪ್ಪನ ಹೆಸರಿನ ಮುಂದೆ "ಕ್ಷೇಮ, ಜುಲೈ ೧೯" ಎಂದಿತ್ತು.

ನರಸಿಂಹಪ್ಪನ ವಕೀಲರು ಅದರ ನಕಲು ಕಂಡು ಕುರ್ಚಿಯಿಂದ ಎದ್ದು ಕುಣಿದಿದ್ದರು. ನಾನೂ ಮನಸ್ಸಿನಲ್ಲೇ ಕುಣಿದಿದ್ದೆ. ಈಗ ನೋಡಿದರೆ ಅದೇ ಪಟ್ಟಿಯಲ್ಲಿ ಸತ್ತವನೊಬ್ಬ ನಾಲ್ಕು ವರ್ಷದಿಂದ ಕ್ಷೇಮವಾಗಿದ್ದಾನೆ.

ನಾನು ಓದಿದ್ದು ಎಂಟನೇ ಕ್ಲಾಸು. ಪೊಲೀಸು ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿ, ಸಬ್‌ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾಗಿ, ಮಂಡಿನೋವು ಸಂಪಾದಿಸಿಕೊಂಡು ಊರಿಗೆ ಬಂದವನು. ಬಿ.ಎ. ಮುಗಿಸಿ, ಅದು ಸಾಲದೆಂದು ಮತ್ತೆ ಒಂದು ವರ್ಷ ಪಾಠ ಹೇಳುವುದನ್ನು ಕಲಿತು ಎಲ್.ಟಿ. ಅನ್ನಿಸಿಕೊಂಡು, ಅದೂ ಸಾಲದೆಂದು ಸಂಘ ಕಟ್ಟಿಕೊಂಡ ಜನ ಇವರು. ಶ್ರೀ ಸುಜ್ಞಾನಬೋಧಿನಿ ಪದವೀಧರ ಶಿಕ್ಷಕರ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಾಯಿ ಒಣಗುತ್ತದೆ.

ಸಂಘಕ್ಕೆ ಅಧ್ಯಕ್ಷರು ವರ್ಷಕ್ಕೊಬ್ಬರು ಬಂದು ಹೋಗುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ. ಕೆಲಸ ಮಾಡುವವರು ಗೌರವ ಕಾರ್ಯದರ್ಶಿ. ಇಪ್ಪತ್ತೊಂದು ವರ್ಷದಿಂದ ಅದು ಮುತ್ತರಾಯಪ್ಪನವರೇ. ಸಂಬಳವಿಲ್ಲ. ಕೃಷ್ಣಗಿರಿಯ ಹಳೇಪೇಟೆಯಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಸಂಘದ ಆಫೀಸು. ಒಂದು ಮೇಜು, ಎರಡು ಕುರ್ಚಿ. ಗೋಡೆಯ ಉದ್ದಕ್ಕೂ ಮೊಳೆ ಹೊಡೆದು ತಂತಿಯ ಕೊಕ್ಕೆ ನೇತುಹಾಕಿದ್ದಾರೆ. ತಂಡಕ್ಕೊಂದು ತಂತಿ, ತಂತಿಯ ತುಂಬ ಪೋಸ್ಟ್‌ಕಾರ್ಡು.

ಅವರ ಪದ್ಧತಿ ಹೀಗೆ. ವರ್ಷಕ್ಕೊಮ್ಮೆ, ವಿಜಯದಶಮಿಯ ದಿನ ಸಭೆ. ಸರಸ್ವತಿ ಪೂಜೆ ಮುಗಿದ ಮೇಲೆ ಕಾರ್ಯದರ್ಶಿ ನಿಂತು ಇನ್ನೂರ ಹನ್ನೆರಡು ಹೆಸರನ್ನೂ ಕೂಗುತ್ತಾರೆ. ಬಂದವನು ಎದ್ದು "ಕ್ಷೇಮ" ಅನ್ನಬೇಕು. ಬಾರದವನು ಮೊದಲೇ ಕಾರ್ಡು ಬರೆದಿರಬೇಕು. ಅವನ ಪರವಾಗಿ ಕಾರ್ಯದರ್ಶಿ "ಕ್ಷೇಮ" ಅನ್ನುತ್ತಾರೆ. ಕಾರ್ಡು ಬರೆಯದ ಸೋಮಾರಿ ಇದ್ದರೆ ಅವನ ತಂಡದ ಪ್ರತಿನಿಧಿಗೆ ಜೋಡಿ ಕಾರ್ಡು ಹೋಗುತ್ತದೆ. ಒಂದರಲ್ಲಿ ಪ್ರಶ್ನೆ, ಇನ್ನೊಂದನ್ನು ಹರಿದು, ಉತ್ತರ ಬರೆದು, ಪೆಟ್ಟಿಗೆಗೆ ಹಾಕಬೇಕು.

ಹಿಂದಿನ ಬೆಂಚುಗಳಲ್ಲಿ ಮೇಷ್ಟ್ರುಗಳ ತಾಯಂದಿರು, ಹೆಂಡತಿಯರು ಕೂತು ಈ ಹೆಸರು ಕೇಳಲಿಕ್ಕೆಂದೇ ಬರುತ್ತಿದ್ದರಂತೆ. ಯುದ್ಧದ ಕಾಲದಲ್ಲಿ ಕೂರಲು ಜಾಗವೇ ಇರುತ್ತಿರಲಿಲ್ಲವಂತೆ.

"ಮೇಷ್ಟ್ರೇ" ಎಂದೆ, "ಚಿನ್ನಸ್ವಾಮಿ ಸತ್ತು ಮೂರು ವರ್ಷ ಹತ್ತು ತಿಂಗಳಾಯ್ತು."

ಮುತ್ತರಾಯಪ್ಪನವರು ನಕ್ಕರು. ಪಾಪ, ನಿಜವಾಗಿಯೂ ನಕ್ಕರು. "ಯಾರೋ ಬೇರೆ ಚಿನ್ನಸ್ವಾಮಿ ಇರ್ಬೇಕು."

"ಎಡಗೈಗೆ ಆರು ಬೆರಳು. ಬಲಗಡೆ ಹುಬ್ಬಿನ ಮೇಲೆ ಕೊಯ್ದ ಗುರುತು. ಚೀಲದಲ್ಲಿ ನಿಮ್ಮ ಸಂಘದ ಸಭೆಯ ನೋಟೀಸು ನಾಲ್ಕು ಮಡಿಕೆ ಮಾಡಿ ಇಟ್ಕಂಡಿದ್ದ. ಕಾಲರಾ ಬಂದು ಛತ್ರದ ಜಗಲಿ ಮೇಲೆ ಬಿದ್ದಿದ್ದ. ಯಾರೂ ಬರ್ಲಿಲ್ಲ. ನಾನೇ ಸುಡಿಸ್ದೆ."

ನಗು ನಿಂತಿತು. ಅವರು ರಿಜಿಸ್ಟರಿನ ಮೇಲೆ ಅಂಗೈ ಇಟ್ಟುಕೊಂಡರು.

"ಸತ್ತೋದನಾ?" ಎಂದರು. "ಆರು ಬೆರಳಿನ ಚಿನ್ನಸ್ವಾಮಿನಾ? ಮೊದಲನೇ ಬೆಂಚಲ್ಲಿ ಕೂರ್ತಿದ್ದ. ಭೂಗೋಳ ಹೇಳೋದ್ರಲ್ಲಿ ಅವನ ಸಮ ಯಾರೂ ಇರ್ಲಿಲ್ಲ ಸ್ವಾಮಿ."

"ನಿಮ್ಗೆ ಗೊತ್ತಿರ್ಲಿಲ್ವಾ?"

"ಇಲ್ಲ."

"ಮತ್ತೆ ಕ್ಷೇಮ ಅಂತ ಬರೆದೋರು ಯಾರು?"

"ನಾನೇ."

"ಯಾರ್ನ ಕೇಳಿ ಬರೆದ್ರಿ?"

"ಯಾರ್ನೂ ಕೇಳ್ಲಿಲ್ಲ."

ನನಗೆ ಕೋಪ ನೆತ್ತಿಗೇರಿತು. ಅಷ್ಟು ಕೋಪ ಬರಲು ಇನ್ನೊಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ನೋಟೀಸಿನ ಕೆಳಗೆ ಈ ಮನೆಯ ವಿಳಾಸ ಅಚ್ಚಾಗಿತ್ತು. ಆ ದಿನ ನಾನು ಒಂದು ಕಾರ್ಡು ಬರೆದು ಹಾಕಿದ್ದರೆ ಇವರಿಗೆ ಸುದ್ದಿ ಮುಟ್ಟುತ್ತಿತ್ತು. ಅವತ್ತು ಛತ್ರದಲ್ಲಿ ಇನ್ನೂ ನಾಲ್ಕು ಹೆಣ ಇದ್ದವು, ನನಗೆ ಮನೆಗೆ ಹೋಗಿ ಮೈ ತೊಳೆದುಕೊಂಡರೆ ಸಾಕಾಗಿತ್ತು.

"ಸತ್ತೋರಿಗೆ ಕ್ಷೇಮ ಅಂತ ಬರೀತೀರಲ್ಲ, ನಿಮ್ದು ಕಾಲೇಜಾ ಇಲ್ಲ ಕಣಿ ಹೇಳೋ ಜಾಗಾನಾ?" ಎಂದು ಕೂಗಿದೆ. "ಇಂಥವು ಎಷ್ಟವೆ ಇದ್ರಲ್ಲಿ?"

"ಮೂವತ್ತೊಂದು."

ಅವರು ಲೆಕ್ಕ ಹಾಕದೆ ಹೇಳಿದರು. ತಪ್ಪು ಮಾಡಿದವನಿಗೆ ತನ್ನ ತಪ್ಪಿನ ಸಂಖ್ಯೆ ಬಾಯಿಪಾಠವಾಗಿತ್ತು.

ಆಮೇಲೆ ಅವರು ಹೇಳಿದ್ದನ್ನು ನಾನು ನಡುವೆ ಬಾಯಿ ಹಾಕದೆ ಕೇಳಿದೆ. ನಲವತ್ತೆರಡನೇ ಇಸವಿಯ ಸಭೆ. ರಂಗೂನಿನಲ್ಲಿ ಮೇಷ್ಟ್ರಾಗಿದ್ದ ಒಬ್ಬ ಹಳೆಯ ವಿದ್ಯಾರ್ಥಿಯ ಕಾರ್ಡು ಬಂದಿರಲಿಲ್ಲ. ಬರ್ಮಾದಿಂದ ಜನ ಕಾಡು ಬೆಟ್ಟ ಹಾದು ನಡೆದು ಬರುತ್ತಿದ್ದ ವರ್ಷ ಅದು. ಮುತ್ತರಾಯಪ್ಪನವರು ಇದ್ದದ್ದನ್ನು ಇದ್ದ ಹಾಗೆ, "ಸುದ್ದಿ ಇಲ್ಲ" ಎಂದು ಓದಿದರು.

"ಹಿಂದಿನ ಬೆಂಚಲ್ಲಿ ಅವನ ತಾಯಿ ಇದ್ರು. ನಾನು ನೋಡಿರ್ಲಿಲ್ಲ. ಧೊಪ್ ಅಂತ ಬಿದ್ರು. ಅವತ್ತಿಂದ ಇವತ್ತಿನವರೆಗೂ ಆಯಮ್ಮ ಎಡಗೈ ಎತ್ತಲಾರರು, ಮಾತಾಡಲಾರರು. ಮಗ ಮೂರು ತಿಂಗಳಿಗೆ ಬಂದ ಸ್ವಾಮಿ. ಗಟ್ಟಿಯಾಗೇ ಬಂದ."

"ಅದ್ಕೆ?"

"ಅದ್ಕೇ ಇನ್ನು ಯಾರ ಹೆಸರಿನ ಮುಂದೂ ಖಾಲಿ ಬಿಡಬಾರದು ಅಂತ ಮಾಡ್ಕೊಂಡೆ. ಮೊದಲು ಒಬ್ಬನಿಗೆ ಬರೆದೆ. ಸೋಮಾರಿ, ಕಾರ್ಡು ಹಾಕಿಲ್ಲ, ಎಲ್ಲೋ ಚೆನ್ನಾಗೇ ಇರ್ತಾನೆ ಅಂತ ಬರೆದೆ. ಆಮೇಲೆ ಅಭ್ಯಾಸ ಆಗ್ಬುಡ್ತು. ಕ್ಷೇಮ ಅಂತ ಬರೆದ ಮೇಲೆ ವಿಚಾರಿಸೋ ಅಗತ್ಯ ಏನಿದೆ ಅಂತ ಮನಸ್ಸೂ ಸುಮ್ಮನಾಗಿಬಿಡ್ತಿತ್ತು."

ಅವರ ಕಣ್ಣಲ್ಲಿ ನೀರು ಬಂತು. ಅರವತ್ತೆಂಟು ವರ್ಷದ ಗಂಡಸು, ಪಂಚೆಯ ಚುಂಗಿನಿಂದ ಒರೆಸಿಕೊಂಡರು. ನನಗೂ ದುಃಖವಾಯಿತು. ದುಃಖಪಟ್ಟುಕೊಂಡು ಕೂರಲು ನನಗೆ ಪುರುಸೊತ್ತಿರಲಿಲ್ಲ.

"ಅಶ್ವತ್ಥಪ್ಪನಿಗೆ ಇದು ಗೊತ್ತಿತ್ತಾ?" ಎಂದು ಕೇಳಿದೆ.

ಅವರು ತಲೆ ತಗ್ಗಿಸಿದರು.

ಗೊತ್ತಿತ್ತು ಎಂದು ಆ ತಗ್ಗಿದ ತಲೆಯೇ ಹೇಳಿತು. ಹೋದ ವರ್ಷದ ಸಭೆಯಲ್ಲಿ ಅಶ್ವತ್ಥಪ್ಪ ಎದ್ದು ನಿಂತು, ಪಟ್ಟಿಯನ್ನು ಇಬ್ಬರು ಸದಸ್ಯರಿಂದ ತಾಳೆ ನೋಡಿಸಬೇಕು, ಕಾರ್ಯದರ್ಶಿಯನ್ನು ಬದಲಾಯಿಸಬೇಕು, ತಾನೇ ಆ ಕೆಲಸ ಮಾಡಲು ಸಿದ್ಧ ಎಂದಿದ್ದ. ನರಸಿಂಹಪ್ಪನಿಗೆ ಮುತ್ತರಾಯಪ್ಪನವರೆಂದರೆ ದೇವರು. ಅವನು ಅಶ್ವತ್ಥಪ್ಪನ ಕೊರಳಪಟ್ಟಿ ಹಿಡಿದು, "ಆ ಕುರ್ಚಿ ಮುಟ್ಟಿದ್ರೆ ನಿನ್ನ ಹೂತಾಕ್ಬುಡ್ತೀನಿ" ಎಂದ. ಎಪ್ಪತ್ತು ಜನ ಕೇಳಿಸಿಕೊಂಡರು. ಸರ್ಕಾರಿ ವಕೀಲರು ಕೊಲೆಗೆ ಕಾರಣವೆಂದು ಹಿಡಿದುಕೊಂಡಿದ್ದು ಇದನ್ನೇ.

ಸಂಬಳವಿಲ್ಲದ ಕುರ್ಚಿಗಾಗಿ ಒಬ್ಬ ಮೇಷ್ಟ್ರು ಇನ್ನೊಬ್ಬನನ್ನು ಕೊಲ್ಲುತ್ತಾನೆಯೇ ಎಂದು ನಾನು ಮೊದಲು ನಕ್ಕಿದ್ದೆ. ಈಗ ನಗು ಬರಲಿಲ್ಲ. ಪಟ್ಟಿಯನ್ನು ತಾಳೆ ನೋಡಿದ್ದರೆ ಮುಖ ತೋರಿಸಲಾಗದಂತೆ ಆಗುತ್ತಿದ್ದುದು ನರಸಿಂಹಪ್ಪನಿಗಲ್ಲ, ನನ್ನೆದುರು ಕೂತಿದ್ದ ಈ ಮುದುಕನಿಗೆ.

"ಜೂನ್ ಒಂಬತ್ತಕ್ಕೆ ನೀವು ಎಲ್ಲಿದ್ರಿ ಮೇಷ್ಟ್ರೇ?"

"ಇಲ್ಲೇ. ಬೇಸಿಗೆ ರಜೆ ಶಿಬಿರ ನಡೀತಿತ್ತು. ಐವತ್ತು ಜನ ನೋಡವ್ರೆ."

ಸುಳ್ಳಿರಲಿಲ್ಲ. ಆ ಶಿಬಿರದ ವಿಷಯ ನನಗೆ ಮೊದಲೇ ತಿಳಿದಿತ್ತು. ನಾನು ಕುರ್ಚಿಗೆ ಒರಗಿದೆ. ಕಿಟಕಿಯಾಚೆ ಬೆಟ್ಟದ ನೆರಳು ಆಗಲೇ ಬೀದಿಗೆ ಇಳಿಯುತ್ತಿತ್ತು.

ಹೊಸ್ತಿಲ ಬಳಿಯಿಂದ ಆದಿಲಕ್ಷ್ಮಮ್ಮ ಕೇಳಿದಳು. "ಆವುಲಪ್ಪಣ್ಣ, ಹಂಗಾದ್ರೆ ಈ ಪುಸ್ತಕ ಕೋರ್ಟಿಗೆ ಬತ್ತದಾ?"

ಅವಳಿಗೆ ಏನೆಂದು ಹೇಳಲಿ? ಬೆಳಿಗ್ಗೆ ಇದ್ದಲು ಗ್ಯಾಸಿನ ಬಸ್ಸಿನಲ್ಲಿ ರಾಯಕೋಟೆಯ ಏರು ಹತ್ತುವಾಗ ಎರಡು ಸಲ ಇಳಿದು ತಳ್ಳಿ ಬಂದಿದ್ದೆವು. ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಿರಲಿಲ್ಲ. ಒಂದೇ ಒಂದು ಸಲ, "ಮೇಷ್ಟ್ರ ಮನೆಗೆ ಹೋಗ್ಲೇಬೇಕಾ ಅಣ್ಣ?" ಎಂದಿದ್ದಳು. ರಿಜಿಸ್ಟರನ್ನು ಕೋರ್ಟಿಗೆ ತರಿಸುವ ಅರ್ಜಿಗೆ ಅವಳ ರುಜು ಬೇಕಿತ್ತು, ಅದಕ್ಕೇ ಕರೆತಂದಿದ್ದೆ.

"ಬರೋದೇನೋ ಬತ್ತದೆ ತಾಯಿ" ಎಂದೆ. "ಬಂದ್ರೆ ಸರ್ಕಾರಿ ವಕೀಲರು ಮೊದಲ್ನೇ ಪ್ರಶ್ನೆನೇ ಕೇಳ್ತಾರೆ, ಇದ್ನ ಹೆಂಗೆ ಬರೀತೀರಿ ಅಂತ. ಮೇಷ್ಟ್ರು ದೇವ್ರ ಮೇಲೆ ಪ್ರಮಾಣ ಮಾಡಿ ನಿಂತಿರ್ತಾರೆ. ನಿಜ ಹೇಳ್ಬೇಕಾಯ್ತದೆ. ಮೂವತ್ತೊಂದು ಸುಳ್ಳು ಇರೋ ಪುಸ್ತಕದಲ್ಲಿ ಮೂವತ್ತೆರಡ್ನೇದು ನಿಜ ಅಂತ ಯಾವ ಜಡ್ಜು ಒಪ್ತಾರೆ?"

"ನೀವು ಹೇಳ್ದಿದ್ರೆ?"

"ನಾನು ಹೇಳ್ದಿದ್ರೂ ಹೊಸೂರು ಠಾಣೇಲಿ ಚಿನ್ನಸ್ವಾಮಿ ಮಹಜರು ಐತಲ್ಲಮ್ಮ. ಅದ್ರ ಮೇಲೆ ನನ್ನ ರುಜುನೇ ಐತೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಜನರ ಗಂಡಂದಿರನ್ನು ಕರೆದೊಯ್ದಿದ್ದೇನೆ, ಹೆಂಗಸರು ಅತ್ತು ಕರೆದು ಕಾಲಿಗೆ ಬಿದ್ದಿದ್ದಾರೆ. ಅಳದೆ ಕೂತವಳನ್ನು ನೋಡುವುದು ಅದಕ್ಕಿಂತ ಕಷ್ಟವಾಯಿತು. ಆ ಕ್ಷಣ ನನಗೆ ನರಸಿಂಹಪ್ಪ ಉಳಿಯುತ್ತಾನೆಂಬ ಆಸೆ ಪೂರ್ತಿ ಹೋಗಿತ್ತು. ಹಾಳಾದ ಈ ಪತ್ತೇದಾರಿಕೆಗೆ ಕೈ ಹಾಕದೆ ಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಂಡಿದ್ದರೆ ಅವನು ಈ ಸುಳ್ಳಿನ ಆಸರೆಯಿಂದಲಾದರೂ ಬದುಕುತ್ತಿದ್ದನೇನೋ ಅನ್ನಿಸಿತು.

ಸುಮ್ಮನೆ ಕೂರಲಾರದೆ ರಿಜಿಸ್ಟರಿನ ಹಾಳೆ ತಿರುವಿದೆ. ಮೂವತ್ತನೆಯ ತಂಡ, ಮೂವತ್ತೊಂದು, ಮೂವತ್ತೆರಡು. ಕಣ್ಣು ಒಂದು ಕಡೆ ನಿಂತಿತು.

ಕೆಲವು "ಕ್ಷೇಮ"ಗಳ ಮಗ್ಗುಲಲ್ಲಿ ಕೆಂಪು ಪೆನ್ಸಿಲಿನ ಸಣ್ಣ ಗೀಟು ಇತ್ತು. ಕೆಲವಕ್ಕೆ ಇರಲಿಲ್ಲ. ಚಿನ್ನಸ್ವಾಮಿಯ ನಾಲ್ಕು ಕ್ಷೇಮಕ್ಕೂ ಇರಲಿಲ್ಲ.

"ಈ ಕೆಂಪು ಗೀಟು ಏನು ಮೇಷ್ಟ್ರೇ?"

"ಏನಿಲ್ಲ, ಹಿಂಗೇ ಗುರುತಿಗೆ."

"ಏನ್ ಗುರುತಿಗೆ?"

"ಕಾರ್ಡು ಬಂದೋರಿಗೆ, ಸಭೇಲಿ ಎದ್ದು ನಿಂತೋರಿಗೆ ಹಾಕ್ತೀನಿ."

ನಾನು ಗೀಟಿಲ್ಲದವನ್ನು ಬೆರಳಿಟ್ಟು ಎಣಿಸಿದೆ. ಈ ವರ್ಷದ್ದು ಮೂವತ್ತೊಂದು. ಅವರು ಹೇಳಿದ ಸಂಖ್ಯೆಯೇ. ಸುಳ್ಳು ಬರೆಯುವಾಗಲೂ ಮನುಷ್ಯ ತನ್ನ ಮಟ್ಟಿಗೆ ನಿಜದ ಗುರುತು ಇಟ್ಟುಕೊಂಡಿದ್ದ. ಹುಟ್ಟಾ ಮೇಷ್ಟ್ರು.

ಅಶ್ವತ್ಥಪ್ಪನ ಕ್ಷೇಮದ ಪಕ್ಕ ಕೆಂಪು ಗೀಟು ಇತ್ತು.

ನಾನು ಅದರ ಮೇಲೆ ಬೆರಳು ಕುಟ್ಟಿದೆ. "ಇವನ ಕಾರ್ಡು ಬಂದಿತ್ತು!"

"ಇಲ್ಲ" ಎಂದರು ಮುತ್ತರಾಯಪ್ಪನವರು. ತೀರ ಬೇಗ ಅಂದರು.

"ಗೀಟು ಐತಲ್ಲ?"

"ಕೈ ತಪ್ಪಿ ಬಿದ್ದಿರ್ಬೇಕು. ವಯಸ್ಸಾಯ್ತು ನೋಡಿ."

"ಮೂವತ್ತೊಂದು ಜನಕ್ಕೆ ತಪ್ಪದೆ ಇರೋ ಕೈ ಇವನೊಬ್ಬನಿಗೇ ತಪ್ತಾ? ಬಂದ ಕಾರ್ಡು ಎಲ್ಲಿ ಹಾಕ್ತೀರಿ?"

ಉತ್ತರ ಗೋಡೆಯ ಮೇಲೆ ನೇತಾಡುತ್ತಿತ್ತು. ನಾನು ಮಂಡಿಯನ್ನು ಬೈದುಕೊಂಡು ಎದ್ದೆ. ಅಶ್ವತ್ಥಪ್ಪನದು ಮೂವತ್ತೆರಡನೆಯ ತಂಡ; ಅದರ ತಂತಿ ಬಲಗಡೆಯಿಂದ ಐದನೆಯದು, ಮೇಲೆ ಸಣ್ಣ ತಗಡಿನಲ್ಲಿ ಇಸವಿ ಬರೆದಿತ್ತು. ನಾನು ಕೈ ಚಾಚುವಷ್ಟರಲ್ಲಿ ಮುದುಕರು ನನಗಿಂತ ಚುರುಕಾಗಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಇದು ಸಂಘದ ಆಸ್ತಿ. ಹೊರಗಿನೋರು ಮುಟ್ಟಬಾರದು."

ಅವರ ದನಿ ಏರಿದ್ದು ಅದೇ ಮೊದಲು.

"ಮೇಷ್ಟ್ರೇ, ನಿಮ್ಮ ಸದಸ್ಯ ಒಬ್ಬ ನೇಣಿಗೆ ಹೋಗ್ತಾವ್ನೆ."

"ಗೊತ್ತು."

"ಆ ಕಾರ್ಡು ಅವನನ್ನ ಉಳಿಸ್ತದೆ."

"ಉಳಿಸಲ್ಲ ಸ್ವಾಮಿ" ಎಂದರು. "ನಿಮ್ಗೆ ಕೈ ಮುಗೀತೀನಿ, ಅದನ್ನ ಬಿಟ್ಬಿಡಿ. ಕಾರ್ಡೇ ಬರ್ಲಿಲ್ಲ, ಇದೂ ನಾನೇ ಬರೆದ ಸುಳ್ಳು ಅಂತ ಅಂದ್ಕೊಂಬುಡಿ."

ಇದು ನನಗೆ ಅರ್ಥವಾಗಲಿಲ್ಲ. ಇಷ್ಟು ಹೊತ್ತು ಸುಳ್ಳು ಹಿಡಿದಾಗ ನಾಚಿ ಅತ್ತ ಮನುಷ್ಯ ಈಗ ತನ್ನ ಮೇಲೆ ಇನ್ನೊಂದು ಸುಳ್ಳನ್ನು ಹೊರಿಸು ಎಂದು ಬೇಡುತ್ತಿದ್ದರು. ಭುಜ ಹಿಡಿದು ಅವರನ್ನು ಪಕ್ಕಕ್ಕೆ ಸರಿಸಿದೆ. ಮೈಯಲ್ಲಿ ತೂಕವೇ ಇರಲಿಲ್ಲ.

ಕಾರ್ಡುಗಳನ್ನು ಹೆಸರಿನ ಅಕಾರಾದಿಯಲ್ಲಿ ಪೋಣಿಸುತ್ತಾರೆ. ಅಶ್ವತ್ಥಪ್ಪನ ಹೆಸರು ಮೊದಲನೆಯದು, ಆದ್ದರಿಂದ ತಂತಿಯ ತಳದಲ್ಲಿ ಇರಬೇಕು. ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಇಟ್ಟೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಕೊನೆಗೆ ಉಳಿದದ್ದು ಒಂದು ಅಂಚು ಹರಿದ ಕಾರ್ಡು. ಜೋಡಿ ಕಾರ್ಡಿನ ಉತ್ತರದ ಅರ್ಧ. ಅಶ್ವತ್ಥಪ್ಪ ಕಾರ್ಡು ಬರೆದಿರಲಿಲ್ಲ. ಅವನ ತಂಡದ ಪ್ರತಿನಿಧಿಯನ್ನು ಕೇಳಿದ್ದರು, ಪ್ರತಿನಿಧಿ ಉತ್ತರಿಸಿದ್ದ.

ಎರಡೇ ಸಾಲು. "ತಾವು ಕೇಳಿದ ಅಶ್ವತ್ಥಪ್ಪನವರು ಕ್ಷೇಮವಾಗಿರುತ್ತಾರೆ. ಪಟ್ಟಿಯಲ್ಲಿ ಹಾಗೆಯೇ ಬರೆದುಕೊಳ್ಳುವುದು." ಕೆಳಗೆ ಪ್ರತಿನಿಧಿಯ ಹೆಸರು.

ನರಸಿಂಹಪ್ಪ.

ಕುರ್ಚಿ ಹುಡುಕಿ ಕೂತೆ. ಮುದುಕರು ಇದನ್ನು ಯಾಕೆ ಬಚ್ಚಿಟ್ಟರೆಂದು ತಿಳಿಯಿತು. ಕಾಣೆಯಾದವನ ಬಗ್ಗೆ, ಅವನ ಜೊತೆ ಕಾಡಿಗೆ ಹೋಗಿದ್ದವನೇ, ಕ್ಷೇಮವಾಗಿದ್ದಾನೆ ಎಂದು ಬರೆದು ಕಳಿಸಿದ್ದಾನೆ. ಕೊಂದವನಲ್ಲದೆ ಇಂಥ ಕಾರ್ಡು ಬೇರೆ ಯಾರು ಬರೆಯುತ್ತಾರೆ? ಈ ಎರಡು ಸಾಲು ಸರ್ಕಾರಿ ವಕೀಲರ ಕೈಗೆ ಸಿಕ್ಕರೆ ಅವರು ಬೇರೆ ಸಾಕ್ಷಿಯನ್ನೇ ಕರೆಯಬೇಕಾಗಿಲ್ಲ.

ಅಭ್ಯಾಸಬಲದಿಂದ ಕಾರ್ಡನ್ನು ತಿರುಗಿಸಿ ಅಂಚೆಯ ಮುದ್ರೆ ನೋಡಿದೆ. ಉದ್ದನಪಲ್ಲಿ. ಜುಲೈ ಹದಿನೇಳು.

ಮತ್ತೊಂದು ಸಲ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹದಿನೇಳೇ.

ಜುಲೈ ಹದಿನೇಳಕ್ಕೆ ನರಸಿಂಹಪ್ಪ ಬೆಂಗಳೂರಿನಲ್ಲಿ ಕಾಲು ಕಟ್ಟಿಸಿಕೊಂಡು ಮಲಗಿದ್ದ. ಉದ್ದನಪಲ್ಲಿಯ ಅಂಚೆಪೆಟ್ಟಿಗೆಗೆ ಕಾರ್ಡು ಹಾಕಲು ಅವನಿಂದ ಸಾಧ್ಯವೇ ಇರಲಿಲ್ಲ.

"ಇದನ್ನ ಬರೆದೋನು ನರಸಿಂಹಪ್ಪ ಅಲ್ಲ" ಎಂದೆ. "ಮೇಷ್ಟ್ರೇ, ಯಾರು ಬರೆದ್ರು ಇದನ್ನ? ನಿಮ್ಗೆ ಗೊತ್ತೈತೆ. ಹೇಳಿ."

"ನನಗೆ ಗೊತ್ತಿಲ್ಲ."

"ನಾನು ಬರ್ದೆ ಅಣ್ಣ."

ಆದಿಲಕ್ಷ್ಮಮ್ಮ ಎದ್ದು ನಿಂತಿದ್ದಳು. ಮುತ್ತರಾಯಪ್ಪನವರು ಎರಡೂ ಕೈ ಎತ್ತಿ, "ಬೇಡಮ್ಮ, ಬೇಡ, ಕೂತ್ಕೊ" ಎಂದರು. ಅವಳು ಅವರ ಕಡೆ ನೋಡಲಿಲ್ಲ.

"ಪುಸ್ತಕ ಕೋರ್ಟಿಗೆ ಹೋದ್ರೆ ಸಾಕು, ನಮ್ಮೋರು ಉಳ್ಕಂತಾರೆ, ನಾನು ಬಾಯಿ ಬಿಡೋದು ಬೇಕಾಗಿಲ್ಲ ಅನ್ಕಂಡಿದ್ದೆ. ಈಗ ಪುಸ್ತಕನೇ ಬಿದ್ದೋಯ್ತಲ್ಲ ಮೇಷ್ಟ್ರೇ. ಇನ್ನೇನೈತೆ?"

"ಯಾಕಮ್ಮ ಬರೆದೆ?" ಎಂದೆ. "ನಿಮ್ಮ ಯಜಮಾನ್ರು ಬರೆಯೋಕೆ ಹೇಳಿದ್ರಾ?"

"ಅವ್ರಿಗೆ ಗೊತ್ತೇ ಇಲ್ಲ. ಬರಿ ಅಂದೋರು ಅಶ್ವತ್ಥಪ್ಪನೋರು."

ನಾನು ಅವಳ ಮುಖವನ್ನೇ ನೋಡಿದೆ.

"ಯಾವಾಗ ಅಂದ?"

"ಅವತ್ತೇ. ಕಾರ್ಡು ಹಾಕಿದ್ ದಿನ. ನಮ್ಮನೆ ಹಿಂದ್ಲ ಕೋಣೇಲಿ ಮಲಗಿದ್ರು. ಐದು ದಿನದ್ ಹಿಂದೆ ಬಂದಿದ್ರು. ಕಾಡಲ್ಲಿ ಓಡಾಡಿ ಚಳಿಜ್ವರ ಹಿಡಿದಿತ್ತು. ಯಾರಿಗೂ ಹೇಳ್ಬೇಡಮ್ಮ, ನಾನು ಇಲ್ಲಿರೋದು ಒಬ್ರಿಗೂ ಗೊತ್ತಾಗ್ಬಾರ್ದು ಅಂತ ಕೈ ಹಿಡ್ಕಂಡು ಕೇಳಿದ್ರು. ಪೋಸ್ಟಿನೋನು ಕಾರ್ಡು ತಂದು ಕೊಟ್ಟಾಗ ಓದಿ ಹೇಳ್ದೆ. ಕ್ಷೇಮ ಅಂತ ಬರೆದು ಹಾಕ್ಬುಡು, ಇಲ್ದಿದ್ರೆ ಮೇಷ್ಟ್ರು ಹುಡುಕ್ಕೊಂಡು ಬತ್ತಾರೆ ಅಂದ್ರು. ಬರೆದು ಹಾಕ್ದೆ."

ಅಂದರೆ ಮೂವತ್ತೊಂದು ಸುಳ್ಳುಗಳ ನಡುವೆ ಇದೊಂದು ನಿಜವೇ ಆಗಿತ್ತು. ಜುಲೈ ಹದಿನೇಳಕ್ಕೆ ಅಶ್ವತ್ಥಪ್ಪ ಬದುಕಿದ್ದ. ಕೋಣೆಯಲ್ಲಿ ಮಲಗಿ ಮಾತಾಡುತ್ತಿದ್ದ. ನರಸಿಂಹಪ್ಪ ಆಗ ಬೆಂಗಳೂರಿನಲ್ಲಿದ್ದ. ನನಗೆ ಸಂತೋಷ ತಡೆಯಲಾಗಲಿಲ್ಲ, ಅದರ ಹಿಂದೆಯೇ ಸಿಟ್ಟೂ ಬಂತು.

"ಗಂಡ ಸೇಲಂ ಜೈಲಲ್ಲಿ ಕೊಳೀತಾವ್ನೆ! ಮೂರು ತಿಂಗಳಿಂದ ನಿನ್ನ ಮನೆಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೀತು! ಇಷ್ಟು ದೊಡ್ಡ ಮಾತ್ನ ಹೊಟ್ಟೇಲಿ ಇಟ್ಕಂಡು ಕೂತಿದ್ದೀಯಲ್ಲ ತಾಯಿ, ಜನ ಏನಂತಾರೋ ಅಂತ ಹೆದರ್ದಾ? ಗಂಡ ಇಲ್ದಾಗ ಬೇರೆ ಗಂಡಸು ಮನೇಲಿದ್ದ ಅಂತ ಆಡ್ಕಂತಾರೆ, ಆಡ್ಕಳ್ಲಿ ಬಿಡು! ಸೋಮವಾರ ಕೋರ್ಟಲ್ಲಿ ನಿಂತು ಇದನ್ನೇ ಹೇಳು. ಸಾಕು. ಸಂಜೆಗೆ ನರಸಿಂಹಪ್ಪ ಮನೆಗೆ ಬತ್ತಾನೆ."

"ಅದಕ್ಕೆ ಹೆದರಿದ್ದಲ್ಲಣ್ಣ" ಎಂದಳು ಆದಿಲಕ್ಷ್ಮಮ್ಮ. "ಕೋರ್ಟಲ್ಲಿ ಇನ್ನೊಂದು ಕೇಳ್ತಾರಲ್ಲ. ಆಮೇಲೆ ಅವ್ರು ಎಲ್ಲಿಗೆ ಹೋದ್ರು ಅಂತ."

"ಕೇಳ್ಲಿ. ಎಲ್ಲಿಗೆ ಹೋದ ಅಂತ ಹೇಳು."

"ಎಲ್ಲಿಗೂ ಹೋಗ್ಲಿಲ್ಲ."

ಒಳಮನೆಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದಾಯಿತು.

"ಕಾರ್ಡು ಹಾಕಿ ಬಂದು ಕಷಾಯ ಕಾಸಿ ಕೊಟ್ಟೆ" ಎಂದಳು. "ನನ್ನ ಕೈಯಾರೆ ಕೊಟ್ಟೆ. ಕುಡಿದು ಮಲಗಿದೋರು ಮತ್ತೆ ಏಳ್ಲಿಲ್ಲ."

ಅವಳನ್ನು ಕೂರಿಸಬೇಕೋ, ಮಾತಾಡಬೇಡವೆಂದು ಹೇಳಬೇಕೋ, ಪೊಲೀಸಿನವನ ಹಾಗೆ ಮುಂದಿನ ಪ್ರಶ್ನೆ ಕೇಳಬೇಕೋ ನನಗೆ ತಿಳಿಯಲಿಲ್ಲ. ಬಾಯಿ ತಾನೇ ಕೇಳಿಬಿಟ್ಟಿತು. ಉದ್ದನಪಲ್ಲಿಯಿಂದ ಜವಳಗಿರಿ ಕಾಡಿಗೆ ಒಂದು ದಿನದ ಗಾಡಿ ದಾರಿ.

"ಒಬ್ಬಳೇ ಹೆಂಗಸು ನೀನು. ಅಷ್ಟು ದೂರ ಹೆಣ ಹೆಂಗೆ ಹೋಯ್ತಮ್ಮ?"

ಅವಳು ನೆಲ ನೋಡುತ್ತ ನಿಂತಳು. ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನಿಂದ.

"ಗಾಡಿ ಕಟ್ಟಿದೋನು ನಾನು" ಎಂದರು ಮುತ್ತರಾಯಪ್ಪನವರು.